ಒಂದೇ ಕಡೆಗೆ ತೆರೆಯುವ ಬಾಗಿಲು

ಅಜ್ಜ ಊಟ ಮುಗಿಸಿ ಜಗಲಿಯ ಮೇಲೆ ಆರಾಮಾಗಿ ಕೂತಿರುವಾಗ ಅವರ ಒಂದು ಕೈಯನ್ನು ಸ್ವಲ್ಪ ಹೊತ್ತು ಕೇಳಿ ಪಡೆಯಿರಿ. ವಯಸ್ಸಾದವರ ಮುಂದೋಳಿನಲ್ಲಿ ನೀಲಿ ರಕ್ತನಾಳಗಳು ಉಬ್ಬಿಕೊಂಡಿರುತ್ತವೆ. ಕೈ ಇಳಿಬಿಟ್ಟರೆ ಇನ್ನೂ ಚೆನ್ನಾಗಿ ಕಾಣುತ್ತವೆ. ನೆಟ್ಟಗಿರುವ ಒಂದು ನಾಳವನ್ನು ಆರಿಸಿ, ಮಣಿಕಟ್ಟಿನ ಕಡೆ ಒಂದು ಬೆರಳಿಟ್ಟು ಮೆಲ್ಲಗೆ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈ ಕಡೆಗೆ ನೀವುತ್ತಾ ಹೋಗಿ. ರಕ್ತ ಮುಂದೆ ಸರಿದು ನಾಳ ಚಪ್ಪಟೆಯಾಗುತ್ತದೆ. ಈಗ ನೀವಿದ ಬೆರಳನ್ನು ಮಾತ್ರ ಎತ್ತಿ. ಮೇಲೆ ಹೋದ ರಕ್ತ ಒಂದಿಷ್ಟು ಹಿಂದೆ ಬಂದು ಒಂದು ಜಾಗದಲ್ಲಿ ಗಕ್ಕನೆ ನಿಂತುಬಿಡುತ್ತದೆ. ಅದರ ಕೆಳಗೆ ನಾಳ ಖಾಲಿಯಾಗಿಯೇ ಉಳಿಯುತ್ತದೆ. ಮಣಿಕಟ್ಟಿನ ಬೆರಳನ್ನೂ ತೆಗೆದಿರೋ, ಕೆಳಗಿನಿಂದ ರಕ್ತ ನುಗ್ಗಿ ಬಂದು ನಾಳ ತುಂಬಿಕೊಳ್ಳುತ್ತದೆ. ಸರಿಯಾಗಿ ಕಾಣದಿದ್ದರೆ ಬೇರೆ ನಾಳ ಹುಡುಕಿ, ಅಜ್ಜನಿಗೆ ತಾಳ್ಮೆ ಇರುವವರೆಗೆ!

ರಕ್ತ ಎಲ್ಲಿ ನಿಂತಿತೋ ಅಲ್ಲಿ ಒಂದು ಪುಟ್ಟ ಬಾಗಿಲಿದೆ. ವೈದ್ಯರು ಅದನ್ನು ಕವಾಟ ಅನ್ನುತ್ತಾರೆ. ಹೃದಯದ ಕಡೆ ಹೋಗುವ ರಕ್ತಕ್ಕೆ ಅದು ತೆರೆದುಕೊಳ್ಳುತ್ತದೆ, ಹಿಂದಿರುಗುವ ರಕ್ತಕ್ಕೆ ಮುಚ್ಚಿಕೊಳ್ಳುತ್ತದೆ.

ಇದೇ ಆಟವನ್ನು 400 ವರ್ಷಗಳ ಹಿಂದೆ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವಿ ಆಡಿದ್ದ. ಅವನ ಕಾಲದವರೆಗೂ ವೈದ್ಯರು ನಂಬಿದ್ದೇ ಬೇರೆ. ನಾವು ತಿಂದ ಅನ್ನ ಯಕೃತ್ತಿನಲ್ಲಿ ರಕ್ತವಾಗುತ್ತದೆ, ಆ ರಕ್ತ ಮೈಯೆಲ್ಲ ಹರಿದು ಅಲ್ಲಲ್ಲೇ ಖರ್ಚಾಗಿಹೋಗುತ್ತದೆ ಎಂದು ಹಳಬರು ಹೇಳಿದ್ದನ್ನೇ ಎಲ್ಲರೂ ಒಪ್ಪಿಕೊಂಡಿದ್ದರು. ಹಾರ್ವಿ ಒಂದು ಲೆಕ್ಕ ಹಾಕಿದ. ಒಂದು ಬಡಿತಕ್ಕೆ ಹೃದಯ ಇಷ್ಟು ರಕ್ತ ದೂಡಿದರೆ ಅರ್ಧ ಗಂಟೆಗೆ ಎಷ್ಟಾಯಿತು? ಮೈಯಲ್ಲಿರುವ ಒಟ್ಟು ರಕ್ತಕ್ಕಿಂತ ಹೆಚ್ಚಾಯಿತು! ಅಷ್ಟು ಹೊಸ ರಕ್ತ ತಯಾರಾಗಬೇಕಾದರೆ ಮನುಷ್ಯ ಎಷ್ಟು ತಿನ್ನಬೇಕು? ಹಾಗಾದರೆ ಇದ್ದ ರಕ್ತವೇ ಸುತ್ತಿ ಸುತ್ತಿ ಬರುತ್ತಿರಬೇಕು. 1628ರಲ್ಲಿ ಅವನು ಪ್ರಕಟಿಸಿದ ಪುಸ್ತಕದಲ್ಲಿ ಈ ತೋಳಿನ ಪ್ರಯೋಗದ ಚಿತ್ರಗಳೂ ಇವೆ. ಈ ಬಾಗಿಲುಗಳನ್ನು ಅವನಿಗಿಂತ ಮೊದಲೇ ಕಂಡಿದ್ದವನು ಇಟಲಿಯ ಪಾದುವಾದಲ್ಲಿದ್ದ ಅವನ ಗುರು ಫ್ಯಾಬ್ರೀಸಿಯಸ್. ಕಂಡರೂ ಅವು ನಿಜಕ್ಕೂ ಏಕಿವೆ ಎಂಬುದು ಗುರುವಿಗೆ ಹೊಳೆದಿರಲಿಲ್ಲ. ಶಿಷ್ಯನಿಗೆ ಹೊಳೆಯಿತು. ನನಗಂತೂ ಇಡೀ ಕಥೆಯಲ್ಲಿ ಇಷ್ಟವಾಗುವುದು ಇದೇ.

ಹೃದಯದ ಒಳಗೂ ಇಂಥ 4 ಕವಾಟಗಳಿವೆ. ದೊಡ್ಡವರ ಹೃದಯ ಒಂದು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದೂಡುತ್ತದೆ, ಮೈಯಲ್ಲಿರುವ ರಕ್ತವೂ ಹೆಚ್ಚುಕಡಿಮೆ ಅಷ್ಟೇ. ಇಷ್ಟು ಕೆಲಸ ಸಾಗಬೇಕಾದರೆ ಮುಂದೆ ಹೋದ ರಕ್ತ ಹಿಂದೆ ಬರಕೂಡದು. ತೋಟದ ಬಾವಿಯಲ್ಲಿ ಪಂಪ್‌ಸೆಟ್ಟಿನ ಪೈಪಿನ ತುದಿಗೆ ಫುಟ್‌ವಾಲ್ವ್ ಇರುತ್ತದಲ್ಲ, ಅದು ಸೋರತೊಡಗಿದರೆ ಏನಾಗುತ್ತದೆ? ಪೈಪಿನ ನೀರೆಲ್ಲ ಬಾವಿಗೇ ಇಳಿದು, ಮೋಟಾರು ಸುಮ್ಮನೆ ತಿರುಗುತ್ತದೆ. ಹೃದಯದ ಕವಾಟ ಸೋರಿದರೆ ಹೃದಯ ಸುಮ್ಮನಿರುವುದಿಲ್ಲ, ಒಮ್ಮೆ ದೂಡಿದ್ದನ್ನು ಮತ್ತೆ ಮತ್ತೆ ದೂಡಿ ದಣಿಯುತ್ತದೆ.

ಗೆಳೆಯನ ಎದೆಗೆ ಕಿವಿಯಿಟ್ಟರೆ ಕೇಳುವ ‘ಲಬ್ ಡಬ್’ ಈ ಬಾಗಿಲುಗಳು ಮುಚ್ಚಿಕೊಳ್ಳುವಾಗ ಬರುವ ಸದ್ದು. ಎರಡು ಬಾಗಿಲು ಒಟ್ಟಿಗೆ ಮುಚ್ಚಿದಾಗ ಲಬ್, ಉಳಿದೆರಡು ಮುಚ್ಚಿದಾಗ ಡಬ್. ನಡುವೆ ‘ಉಸ್’ ಎಂದು ಕೇಳಿಸಿದರೆ ವೈದ್ಯರು ಕಿವಿ ನಿಮಿರಿಸುತ್ತಾರೆ. ಹಾಗೆಂದು ಹೆದರಬೇಡಿ, ಆರೋಗ್ಯವಾಗಿರುವ ಎಷ್ಟೋ ಮಕ್ಕಳ ಎದೆಯಲ್ಲೂ ಅಂಥ ಸದ್ದು ಇರುತ್ತದೆ, ಬೆಳೆಯುತ್ತಾ ಹೋಗಿಯೂಬಿಡುತ್ತದೆ.

ಮನೆಯಲ್ಲಿ ದೊಡ್ಡವರು ಮಾತಾಡುವ ಬಿಪಿ, ಕೊಲೆಸ್ಟ್ರಾಲ್, ಹಾರ್ಟ್ ಅಟ್ಯಾಕ್ ಇವೆಲ್ಲ ಹೆಚ್ಚಾಗಿ ನಾಳಗಳಿಗೆ ಸೇರಿದ ತೊಂದರೆಗಳು. ಉಪ್ಪು ಕಡಿಮೆ ತಿನ್ನುವುದು, ಬೀಡಿ ಸಿಗರೇಟು ಬಿಡುವುದು, ದಿನಾ ನಡೆಯುವುದು ಅವಕ್ಕೆ ಒಳ್ಳೆಯದು. ಆದರೆ ನಿಮ್ಮ ವಯಸ್ಸಿನವರ ಹೃದಯಕ್ಕೇ ಗುರಿಯಿಡುವ ಒಂದು ಕಾಯಿಲೆ ಇದೆ. ಅದು ಶುರುವಾಗುವುದು ಹೃದಯದಲ್ಲಲ್ಲ, ಗಂಟಲಿನಲ್ಲಿ!

ಗಂಟಲು ನೋವು ಬಹಳ ಸಲ ನೆಗಡಿಯ ವೈರಸ್‌ಗಳಿಂದ ಬರುತ್ತದೆ, ತಾನಾಗಿ ಹೋಗುತ್ತದೆ. ಕೆಲವು ಸಲ ಮಾತ್ರ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುತ್ತದೆ. ನಮ್ಮ ಮೈಯ ಕಾವಲು ಪಡೆ ಅದನ್ನು ಹೊಡೆಯಲು ಹೊರಡುತ್ತದೆ. ಈ ಬ್ಯಾಕ್ಟೀರಿಯಾದ ಕೆಲವು ಭಾಗಗಳು ಹೃದಯದ ಅಂಗಾಂಶವನ್ನೇ ಹೋಲುವುದರಿಂದ, ಕೆಲವು ಮಕ್ಕಳಲ್ಲಿ ಆ ಪಡೆ ದಾರಿತಪ್ಪಿ ಹೃದಯದ ಮೇಲೂ ಬೀಳುತ್ತದೆ. ಗಂಟಲು ವಾಸಿಯಾಗಿ ಎರಡು ಮೂರು ವಾರವಾಗಿರುತ್ತದೆ, ಎಲ್ಲರೂ ಅದನ್ನು ಮರೆತಿರುತ್ತಾರೆ. ಆಗ ಜ್ವರ ಬರುತ್ತದೆ. ಮೊಣಕಾಲು ಊದಿ ನೋಯುತ್ತದೆ, ಅದು ಕಡಿಮೆಯಾಯಿತು ಅನ್ನುವಾಗ ಕಾಲಿನ ಹರಡು ನೋಯುತ್ತದೆ. ಇದು ರುಮ್ಯಾಟಿಕ್ ಜ್ವರ. ಹೆಚ್ಚಾಗಿ 5ರಿಂದ 15 ವರ್ಷದವರಿಗೆ ಬರುತ್ತದೆ. ಕೀಲುಗಳು ಸರಿಹೋಗುತ್ತವೆ, ಕವಾಟಕ್ಕೆ ಬಿದ್ದ ಗಾಯ ಮಾತ್ರ ಉಳಿದುಬಿಡಬಹುದು. ಇಕ್ಕಟ್ಟಾದ ಮನೆಗಳಲ್ಲಿ, ಒಂದೇ ಕೋಣೆಯಲ್ಲಿ ಹಲವರು ಮಲಗುವಲ್ಲಿ ಗಂಟಲಿನ ಬ್ಯಾಕ್ಟೀರಿಯಾ ಸುಲಭವಾಗಿ ಹರಡುತ್ತದೆ. ಹಾಗಾಗಿ ಬಡವರ ಮಕ್ಕಳನ್ನೇ ಇದು ಹೆಚ್ಚು ಕಾಡುತ್ತದೆ.

ಕವಾಟ ತೀರಾ ಕೆಟ್ಟರೆ ಅದನ್ನು ರಿಪೇರಿ ಮಾಡಬೇಕು, ಇಲ್ಲವೇ ಬದಲಿಸಬೇಕು. ಹೊರದೇಶದ ಕೃತಕ ಕವಾಟಗಳ ಬೆಲೆ ನಮ್ಮವರ ಕೈಗೆಟುಕುತ್ತಿರಲಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಅವರ ತಂಡ ನಮ್ಮದೇ ಕವಾಟ ಮಾಡಲು ಹೊರಟಿತು. ಮೊದಲ ಮಾದರಿಗಳು ಪರೀಕ್ಷೆಯಲ್ಲಿ ಸೋತವು. ಕೊನೆಗೆ ಗೆದ್ದ ಮಾದರಿಯಲ್ಲಿ ಲೋಹದ ಚೌಕಟ್ಟಿನೊಳಗೆ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ ಓರೆಯಾಗಿ ತೆರೆದು ಮುಚ್ಚುತ್ತದೆ. 1990ರ ಡಿಸೆಂಬರಿನಲ್ಲಿ ಅದನ್ನು ಮೊದಲ ಬಾರಿಗೆ ಮನುಷ್ಯನ ಹೃದಯದಲ್ಲಿ ಕೂರಿಸಿದರು. ಮುಂದೆ ವಲಿಯತ್ತಾನ್ ನಮ್ಮ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಕುಲಪತಿಯಾಗಿ ಬಂದರು.

ಶಸ್ತ್ರಚಿಕಿತ್ಸೆಯವರೆಗೆ ಹೋಗದಂತೆ ತಡೆಯುವ ಔಷಧ ಮಾತ್ರ ಬಹಳ ಹಳೆಯದು, ಅಗ್ಗದ್ದು: ಪೆನಿಸಿಲಿನ್. ಗಂಟಲು ಜೋರಾಗಿ ನೋಯುತ್ತಿದ್ದು, ನುಂಗಲು ಆಗದೆ, ಜ್ವರವೂ ಇದ್ದು, ಕೆಮ್ಮು ನೆಗಡಿ ಇಲ್ಲದಿದ್ದರೆ ಮನೆಯಲ್ಲಿ ಹೇಳಿ, ಡಾಕ್ಟರಿಗೆ ತೋರಿಸಿ. ಅವರು ನೋಡಿ, ಬೇಕೆನಿಸಿದರೆ ಔಷಧ ಕೊಡುತ್ತಾರೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಎರಡು ಮಾತ್ರೆ ನುಂಗಿ ಬಿಡುವುದು ಬೇಡ. ಎಷ್ಟು ದಿನಕ್ಕೆ ಬರೆದುಕೊಟ್ಟಿದ್ದಾರೋ ಅಷ್ಟೂ ದಿನ ತೆಗೆದುಕೊಳ್ಳಬೇಕು, ನೋವು ಹೋದ ಮೇಲೂ.

ಒಮ್ಮೆ ರುಮ್ಯಾಟಿಕ್ ಜ್ವರ ಬಂದವರಿಗೆ ಮತ್ತೆ ಬರುವ ಸಂಭವ ಹೆಚ್ಚು. ಆದ್ದರಿಂದ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾರೆ, ಅದೂ ವರ್ಷಗಟ್ಟಲೆ. ಚುಚ್ಚಿದ ದಿನ ಕುಂಡೆ ಚೆನ್ನಾಗಿ ನೋಯುತ್ತದೆ. ನಿಮ್ಮ ತರಗತಿಯಲ್ಲಿ ಯಾರಾದರೂ ಹೀಗೆ ಇಂಜೆಕ್ಷನ್‌ಗೆಂದು ಆಗಾಗ ರಜೆ ಹಾಕುತ್ತಿದ್ದರೆ ದೂರ ಸರಿಯಬೇಡಿ, ಅವರ ಹೃದಯದ ತೊಂದರೆ ಪಕ್ಕದಲ್ಲಿ ಕೂತವರಿಗೆ ಅಂಟುವಂಥದ್ದಲ್ಲ. ಅವತ್ತಿನ ನೋಟ್ಸ್ ಕೊಡಲು ಅವರ ಮನೆಗೆ ಹೋಗಿ ಬರಬಹುದು.