ಚಟ್ಟೆಂದು ತೆರೆಯುವ ಡಬ್ಬಿ

ಗುಂಡ್ಲುಪೇಟೆಯಲ್ಲಿ ಕುಳಿತು ಅಮೆರಿಕದ ಧಾರಾವಾಹಿಯ ಸಾಮಾನು ಮಾಡುವವನೊಬ್ಬನಿದ್ದಾನೆ ಅಂತ ಯಾರೋ ಹೇಳಿದರಂತೆ. ಆಕಾಶವಾಣಿಯವರು ಕರೆಸಿ ಐದು ನಿಮಿಷ ಕೊಟ್ಟಿದ್ದಾರೆ. ಸ್ಟಾರ್ ಟ್ರೆಕ್ ಎಂದರೇನು ಅಂತ ಹೇಳುತ್ತ ಕೂರುವುದಿಲ್ಲ. ಅಮೆರಿಕದಲ್ಲಿ 1966ರಿಂದ 1969ರವರೆಗೆ ಬಂತು, ನಮ್ಮ ದೂರದರ್ಶನದಲ್ಲಿ ಎಂಬತ್ತರ ದಶಕದ ಭಾನುವಾರಗಳಲ್ಲಿ. ನೌಕೆ, ಕ್ಯಾಪ್ಟನ್ ಕರ್ಕ್, ಚೂಪು ಕಿವಿಯ ಸ್ಪಾಕ್. ನೋಡಿದವರಿಗೆ ಗೊತ್ತು, ನೋಡದವರು ಮನೆಯ ಹಿರಿಯರನ್ನು ಕೇಳಿ.

ನನ್ನ ಕಣ್ಣು ನೆಟ್ಟಿದ್ದು ಕರ್ಕ್ ಕೈಯಲ್ಲಿದ್ದ ಡಬ್ಬಿಯ ಮೇಲೆ. ಕಮ್ಯುನಿಕೇಟರ್. ಕಪ್ಪು ಮೈ, ಮೇಲೆ ಚಿನ್ನದ ಬಣ್ಣದ ಜಾಲರಿ ಮುಚ್ಚಳ. ಮಣಿಕಟ್ಟನ್ನು ಒಮ್ಮೆ ಕೊಡವಿದರೆ ಚಟ್ಟೆಂದು ತೆರೆದುಕೊಳ್ಳುತ್ತದೆ. ಮೊಟೊರೊಲಾದವರ ಮಡಚುವ ಸ್ಟಾರ್‌ಟ್ಯಾಕ್ ಫೋನು ಬಂದದ್ದು 1996ರಲ್ಲಿ, ಮೂವತ್ತು ವರ್ಷ ತಡವಾಗಿ!

ಇದನ್ನು ಮಾಡಿದವರು ವಾ ಚಾಂಗ್. 1917ರಲ್ಲಿ ಹೊನೊಲುಲುವಿನಲ್ಲಿ ಹುಟ್ಟಿದವರು, ಚೀನೀ ಮೂಲದವರು. ಡಿಸ್ನಿಯಲ್ಲಿ ಪಿನೋಕಿಯೋ, ಬಾಂಬಿ ಚಿತ್ರಗಳಿಗೆ ಮಾದರಿ ಬೊಂಬೆ ಮಾಡಿಕೊಟ್ಟರು. ಪೋಲಿಯೊ ಬಂದು ಕಾಲು ಸೋತ ಮೇಲೂ ಕೆಲಸ ಬಿಡಲಿಲ್ಲ. ಕ್ಲಿಯೋಪಾತ್ರ ಚಿತ್ರದಲ್ಲಿ ಎಲಿಜಬೆತ್ ಟೇಲರ್ ತಲೆಯ ಮೇಲೆ ಅಷ್ಟೆತ್ತರದ ಕಿರೀಟ ಇದೆಯಲ್ಲ, ಅದೂ ಇವರದೇ. ಆದರೆ ಸ್ಟುಡಿಯೋ ಕಾರ್ಮಿಕರ ಸಂಘದಲ್ಲಿ ಇವರು ಇರಲಿಲ್ಲ, ಸಂಘದವರು ತಕರಾರು ತೆಗೆದರು. ಕೊನೆಗೆ ಸ್ಟಾರ್ ಟ್ರೆಕ್ ನಿರ್ಮಾಪಕರು, ಇವನ್ನು ನಾವು ಮಾಡಿಸಿದ್ದಲ್ಲ, ತಯಾರಾಗಿದ್ದ ಸಾಮಾನನ್ನು ಕೊಂಡದ್ದು ಎಂದು ಹೇಳಿ ಪಾರಾಗಬೇಕಾಯಿತು. ಪರದೆಯ ಮೇಲೆ ಅವರ ಹೆಸರು ಬರಲೇ ಇಲ್ಲ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಉಪ್ಪಿನ ಕಥೆ ಹೇಳದಿದ್ದರೆ ತಪ್ಪಾಗುತ್ತದೆ. ಮೊದಲು ಪ್ರಸಾರವಾದ ಕಂತಿನಲ್ಲಿ ಮನುಷ್ಯರ ಮೈಯ ಉಪ್ಪು ಹೀರುವ ಒಂದು ಪ್ರಾಣಿ. ಆ ವೇಷವೂ ಚಾಂಗರದೇ. ದೃಶ್ಯಕ್ಕೆ ಉಪ್ಪು ಉದುರಿಸುವ ಡಬ್ಬಿ ಬೇಕಿತ್ತು. ಪರಿಕರ ನೋಡಿಕೊಳ್ಳುತ್ತಿದ್ದ ಇರ್ವಿಂಗ್ ಫೈನ್‌ಬರ್ಗ್ ವಿಚಿತ್ರ ಆಕಾರದವನ್ನೆಲ್ಲ ಹುಡುಕಿ ತಂದರು. ಇವು ಉಪ್ಪಿನ ಡಬ್ಬಿ ಅಂತ ಯಾರಿಗೂ ಗೊತ್ತಾಗುವುದಿಲ್ಲ ಎಂದು ಪಕ್ಕಕ್ಕಿಟ್ಟರು. ಪಕ್ಕಕ್ಕಿಟ್ಟದ್ದು ನೌಕೆಯ ಡಾಕ್ಟರ್ ಮೆಕಾಯ್ ಕೈಗೆ ಹೋಗಿ ಶಸ್ತ್ರಚಿಕಿತ್ಸೆಯ ಉಪಕರಣವಾಯಿತು!

ಪರಿಕರಕ್ಕಿಂತ ಹಿಡಿಯುವ ಕೈ ಮುಖ್ಯ. ನಮ್ಮ ಚಾಮರಾಜನಗರದ ಕಡೆ ಹಳ್ಳಿ ಹಳ್ಳಿಯಲ್ಲಿ ಕುರುಕ್ಷೇತ್ರ ನಾಟಕ ಆಡುತ್ತಾರಲ್ಲ, ಭೀಮನ ಗದೆ ಎತ್ತಿ ನೋಡಿದ್ದೀರಾ? ಒಳಗೆ ಪೊಳ್ಳು. ಬೆಳಗಿನ ಜಾವದವರೆಗೆ ಹೊತ್ತು ಕುಣಿಯಬೇಕು, ಹಗುರವಾಗಿರಲೇಬೇಕು. ಭಾರ ಇರುವುದು ಪಾತ್ರಧಾರಿಯ ಭುಜದಲ್ಲಿ. ಪರಿಕರ ಆ ಕೈಗೆ ಒದಗಿದರೆ ಸಾಕು. 2016ರಲ್ಲಿ ಹೊರದೇಶದ ಕಂಪನಿಯೊಂದು ಬ್ಲೂಟೂತ್ ಇರುವ ಕಮ್ಯುನಿಕೇಟರನ್ನೇ ಮಾರಿತು, ನಿಜವಾಗಿ ಮಾತಾಡಬಹುದು. ನನಗೇಕೋ ಹಿಡಿಸಲಿಲ್ಲ. ಅತ್ತಲಿಂದ ಬೀಗರು ಹಲೋ ಎಂದರೆ ಕರ್ಕ್ ಎಲ್ಲಿ ಉಳಿದ?

ಮಾಡುವ ಬಗೆಗೆ ಬರುತ್ತೇನೆ. ಮೈಗೆ ಪಂಪ್‌ಸೆಟ್ಟಿನ ದಪ್ಪ ಪಿವಿಸಿ ಪೈಪು. ಉದ್ದಕ್ಕೆ ಸೀಳಿ, ಶಾಖ ಕೊಟ್ಟು, ಎರಡು ಹಲಗೆ ನಡುವೆ ಅಮುಕಿದರೆ ಹಾಳೆ. ಮತ್ತೆ ಮೆತ್ತಗೆ ಮಾಡಿ ಮರದ ಅಚ್ಚಿನ ಮೇಲೆ ಒತ್ತಬೇಕು. ಬಯಲಲ್ಲೇ ಮಾಡಿ, ಸುಟ್ಟರೆ ಹೊಗೆ ಕೆಟ್ಟದ್ದು. ಮುಚ್ಚಳಕ್ಕೆ ಹಳೇ ಹಿತ್ತಾಳೆ ಜರಡಿ. ಎಲ್ಲ ಇರುವುದು ಕೀಲಿನಲ್ಲಿ. ಬಿಗಿಯಾದರೆ ಮುಚ್ಚಳ ಏಳುವುದಿಲ್ಲ, ಸಡಿಲವಾದರೆ ಜೇಬಿನಲ್ಲೇ ಬಾಯಿ ಬಿಡುತ್ತದೆ. ಜರಡಿಯ ತುದಿಗೆ ಹಿತ್ತಾಳೆ ಪಟ್ಟಿ ಬೆಸೆದೆ. ಕೈ ಕೊಡವಿದಾಗ ಆ ತೂಕವೇ ಮುಚ್ಚಳವನ್ನು ಎಳೆದೊಯ್ಯುತ್ತದೆ. ಕೀಲಿಗೆ ಸೈಕಲ್ ಟ್ಯೂಬಿನ ಸಣ್ಣ ವಾಷರ್. ಆಗ ಬಂತು ನೋಡಿ, ಚಟ್!

ಒಳಗೆ ಸುತ್ತುವ ಬಿಲ್ಲೆ ಬೇರೆ. ಎರಡು ಸೊಳ್ಳೆಪರದೆ ಒಂದರ ಮೇಲೊಂದು ಬಂದಾಗ ಅಲೆ ಅಲೆಯಾಗಿ ಕಾಣುತ್ತದಲ್ಲ, ಗೆರೆಗಳ ಅದೇ ಆಟ. ಧಾರಾವಾಹಿಯಲ್ಲಿ ಹತ್ತಿರದಿಂದ ತೋರಿಸುವ ಡಬ್ಬಿಯಲ್ಲಿ ಅದನ್ನು ತಿರುಗಿಸಲು ಸ್ಟಾಪ್‌ವಾಚಿನ ಯಂತ್ರ ಇಟ್ಟಿದ್ದರು. ನಾನೂ ಕೀಲಿ ಕೊಡುವ ಹಳೇ ಸ್ಟಾಪ್‌ವಾಚು ಹುಡುಕಿಕೊಂಡು ಚಾಮರಾಜನಗರದ ವಾಚು ರಿಪೇರಿಯವರ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ, "ಮಾತಾಡಕ್ಕಾಗಲ್ಲ, ಟೈಮ್ ತೋರ್ಸಲ್ಲ, ಬಿಲ್ಲೆ ಸುತ್ತದು ಯಾಕ ಸಾ?" ಅಂದರು. ಕೊಡವಿ ತೋರಿಸಿದೆ. ಇಸಿದುಕೊಂಡು ತಾವೂ ಕೊಡವಿದರು. ಮತ್ತೊಮ್ಮೆ ಕೊಡವಿದರು. ಗಿರಾಕಿಗಳು ನಿಂತೇ ಇದ್ದರು...

ಗಾಜಿನಾಚೆ ಬೆರಳು ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ: ಮೈ ಉಜ್ಜಲು ವಾಟರ್ ಪೇಪರ್, ಒರಟಿನಿಂದ ನುಣುಪಿಗೆ, ನೀರು ಬಿಟ್ಟುಕೊಂಡು, ನಮ್ಮ ಕಪ್ಪು ಗ್ರಾನೈಟ್ ಪಾಲಿಶ್ ಮಾಡುವ ಹುಡುಗರನ್ನು ಕೇಳಿ, ಕಲಿಸುತ್ತಾರೆ. ಬಣ್ಣ ತೆಳುವಾಗಿ, ಒಣಗಿದ ಮೇಲೆ ಇನ್ನೊಂದು ಸಲ. ಡಬ್ಬಿಯ ದೀಪಗಳ ವಿಷಯ ಉಳಿಯಿತು. ಚಾಂಗ್ 2003ರಲ್ಲಿ ತೀರಿಕೊಂಡರು, ಅದೂ ಹೇಳಿರಲಿಲ್ಲ. ಟ್ರೈಕಾರ್ಡರ್ ಕೂಡ ಅವರದೇ, ಹೆಗಲಿಗೆ ಹಾಕುವ ಪೆಟ್ಟಿಗೆ, ಅದಕ್ಕೆ ಇನ್ನೊಮ್ಮೆ ಕರೆಯುವುದಾದರೆ... ಹಾಂ ಹಾಂ, ಮುಗಿಸಿದೆ ಸಾರ್.