ವಾಕ್-ಭಾಷಾ ಚಿಕಿತ್ಸೆ: ಗಡಿನಾಡಿನ ಮಕ್ಕಳಿಗೊಂದು ವೃತ್ತಿಮಾರ್ಗ



ತಡವಳದಂತಹ ಊರಿನಲ್ಲಿ ಮನೆಮಾತು ಕನ್ನಡವಾದ ಮಗು ಮರಾಠಿಯಲ್ಲಿ ಮಾತ್ರ ತಡವರಿಸಿದರೆ ಅದು ವಾಕ್‌ದೋಷವಲ್ಲ, ಕಲಿಕೆಯ ಒಂದು ಹಂತ. ಮನೆಮಾತಿನಲ್ಲಿಯೂ ತೊಡಕು ಕಂಡರೆ ತಜ್ಞರ ಪರೀಕ್ಷೆ ಅಗತ್ಯ. ಈ ಭೇದವನ್ನು ನಿರ್ಣಯಿಸಲು ಎರಡೂ ಭಾಷೆಗಳನ್ನು ಬಲ್ಲ ಚಿಕಿತ್ಸಕರು ಬೇಕು. ಅಂಥವರು ನಮ್ಮ ಶಾಲೆಗಳಿಂದಲೇ ಬರಬೇಕು.

ಹನ್ನೆರಡನೆಯ ತರಗತಿಯಲ್ಲಿ ವಿಜ್ಞಾನವನ್ನು ಅಭ್ಯಸಿಸಿದವರು ಇಂಟರ್ನ್‌ಶಿಪ್ ಸೇರಿ 4 ವರ್ಷಗಳ ಪದವಿಯನ್ನು, ಬಳಿಕ 2 ವರ್ಷಗಳ ಸ್ನಾತಕೋತ್ತರ ಪದವಿಯನ್ನು ಪಡೆಯಬಹುದು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಮುಂಬಯಿಯ ಅಲಿ ಯಾವರ್ ಜಂಗ್ ಸಂಸ್ಥೆಯಲ್ಲಿಯೂ ಈ ಶಿಕ್ಷಣವಿದೆ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದವರಿಗೆ ಆಸ್ಪತ್ರೆ, ವಿಶೇಷ ಶಾಲೆ, ಸ್ವಂತ ಚಿಕಿತ್ಸಾಲಯಗಳಲ್ಲಿ ಉದ್ಯೋಗಾವಕಾಶಗಳಿವೆ.

ದ್ವಿಭಾಷಿಕತೆ ನಮ್ಮ ವಿದ್ಯಾರ್ಥಿಗಳ ಕೊರತೆಯಲ್ಲ. ಈ ವೃತ್ತಿಯಲ್ಲಿ ಅದೇ ಅವರ ಬಂಡವಾಳ. ಹತ್ತನೆಯ ತರಗತಿ ಮುಗಿಯುವ ಮುನ್ನವೇ ಅವರಿಗೆ ಈ ದಾರಿಯನ್ನು ತೋರಿಸೋಣ.