ನಜರೇತಿನ ಮನೆ: ಕ್ರೈಸ್ತ ವಿಶ್ವಾಸದಲ್ಲಿ ದೈವತ್ವ ಮತ್ತು ದಾಂಪತ್ಯ



ವಿದ್ವತ್ಸಭೆಗಳು ನಗರಗಳಲ್ಲಿಯೇ ನೆರೆಯಬೇಕೆಂಬ ರೂಢಿಯನ್ನು ಬದಿಗಿಟ್ಟು, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಹಸುರಾಗಿರುವ ಸಾಲಗುಂದದ ಈ ಭತ್ತದ ಸೀಮೆಗೆ ನಮ್ಮೆಲ್ಲರನ್ನು ಕರೆಯಿಸಿಕೊಂಡ ಸಂಘಟಕರಿಗೆ ಮೊದಲು ನನ್ನ ಕೃತಜ್ಞತೆಯನ್ನು ಸಲ್ಲಿಸುತ್ತೇನೆ. ನಮ್ಮ ವಿಷಯಕ್ಕೆ ಇದಕ್ಕಿಂತ ತಕ್ಕ ಸ್ಥಳ ದೊರೆಯಲಾರದೆಂದು ನನ್ನ ನಂಬುಗೆ. ಒಂದು ಕಡೆ ಮಸ್ಕಿ. 1915ರಲ್ಲಿ ಅಲ್ಲಿಯ ಬಂಡೆಯ ಮೇಲೆ ಅಶೋಕನ ಹೆಸರನ್ನೇ ಹೊತ್ತ ಶಾಸನ ದೊರೆಯಿತು. ಧರ್ಮದ ಫಲ ದೊಡ್ಡವರ ಸೊತ್ತಲ್ಲ, ಅಲ್ಪನಾದವನೂ ಅದನ್ನು ಪಡೆಯಬಲ್ಲನೆಂದು ಉಪಾಸಕನೂ ಗೃಹಸ್ಥನೂ ಆದ ಅರಸನೊಬ್ಬನು ಅಲ್ಲಿ ಸಾರಿದ್ದಾನೆ. ಇನ್ನೊಂದು ಕಡೆ ಲಿಂಗಸುಗೂರು ಸೀಮೆಯ ಅಮರೇಶ್ವರ, ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ಎಂಬ ಶರಣದಂಪತಿಗಳ ನೆಲ. ಅದೇ ಸೀಮೆಯಲ್ಲಿ ಮುದಗಲ್ಲು; ಅಲ್ಲಿಯ ಕ್ರೈಸ್ತ ಸಮುದಾಯದ ಮೂಲ 16ನೆಯ ಶತಮಾನದ ಆದಿಲಶಾಹಿ ಕಾಲದಲ್ಲಿದೆಯೆಂದು ಪರಂಪರೆ ಹೇಳುತ್ತದೆ. ವಿವಾಹವೂ ಕುಟುಂಬಜೀವನವೂ ಕ್ರೈಸ್ತ ವಿಶ್ವಾಸದ ದೈವತ್ವದೊಡನೆ ಹೊಂದುವುವೇ ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳತಕ್ಕವರು ಈ ಮೂರು ಊರುಗಳ ನಡುವೆ ಕುಳಿತೇ ಕೇಳಬೇಕು.

ಈ ವಿಷಯದಲ್ಲಿ ಇದುವರೆಗೆ ಆಗಿರುವ ಕೆಲಸವನ್ನು ನಾನು ವಿವರಿಸುವುದು ಅನವಶ್ಯಕ. ಬಾಸೆಲ್ ಮಿಶನ್ನಿನ ಪತ್ರಗಳಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದ ಮಿತ್ರರು ಎರಡನೆಯ ಸಾಲಿನಲ್ಲಿದ್ದಾರೆ. ಸಂತ ಪೌಲನ ಪತ್ರಿಕೆಗಳನ್ನು ಗ್ರೀಕ್ ಮೂಲದಲ್ಲಿ ಬಲ್ಲ ಗುರುಗಳು ನನ್ನ ಪಕ್ಕದಲ್ಲಿಯೇ ಕುಳಿತಿದ್ದಾರೆ. ಶರಣದಂಪತಿಗಳನ್ನು ಕುರಿತು ಮನಮುಟ್ಟುವಂತೆ ಬರೆದ ಸೋದರಿ ಕಲಬುರಗಿಯಿಂದ ಬಂದಿದ್ದಾರೆ. ಇವರೆಲ್ಲರ ಕೃತಿಗಳಿಗೆ ನಾನು ಋಣಿ. ಬಹುಕಾಲದಿಂದ ನನ್ನ ಮನಸ್ಸಿನಲ್ಲಿ ನೆಲೆನಿಂತಿರುವ ಒಂದೇ ಒಂದು ಮಾತನ್ನು ಅವರ ಮುಂದಿಡುವುದಕ್ಕೆ ಈ ಗಳಿಗೆಯನ್ನು ಬಳಸಿಕೊಳ್ಳುತ್ತೇನೆ. ಆ ಮಾತು ಇಷ್ಟು: ದಾಂಪತ್ಯದಲ್ಲಿ ದೇವರು ಹೇಗಿದ್ದಾನೆಂದು ಕೇಳಬೇಕಾಗಿದ್ದ ನಮ್ಮ ಶಾಸ್ತ್ರವು, ದಾಂಪತ್ಯ ದೊಡ್ಡದೋ ಬ್ರಹ್ಮಚರ್ಯ ದೊಡ್ಡದೋ ಎಂಬ ತಾರತಮ್ಯದ ವಿಚಾರಕ್ಕೆ ಇಳಿಯಿತು; ಇಳಿದದ್ದು ಇಂದಿಗೂ ಪೂರ್ತಿಯಾಗಿ ಮೇಲೆದ್ದಿಲ್ಲ.

ಈ ದಾರಿತಪ್ಪಿದ ಗಳಿಗೆಯನ್ನು ಗುರುತಿಸುವುದು ಕಷ್ಟವಲ್ಲ. 4ನೆಯ ಶತಮಾನದ ಕೊನೆಯಲ್ಲಿ ರೋಮಿನ ಜೊವಿನಿಯನ್ ಎಂಬ ಸಂನ್ಯಾಸಿಯು, ತಾನು ಸಂನ್ಯಾಸಿಯಾಗಿದ್ದುಕೊಂಡೇ, ಜ್ಞಾನಸ್ನಾನ ಪಡೆದ ಕನ್ಯೆಗೂ ವಿಧವೆಗೂ ಗೃಹಿಣಿಗೂ ಪುಣ್ಯದಲ್ಲಿ ಭೇದವಿಲ್ಲವೆಂದನು. ಅವನಿಗೆ ಖಂಡನೆಯೇ ಪ್ರಾಪ್ತಿಯಾಯಿತು. ಸಂತ ಜೆರೋಮನು 393ರಲ್ಲಿ ಅವನ ವಿರುದ್ಧ ಬರೆದ ಎರಡು ಸಂಪುಟಗಳು ಎಷ್ಟು ಕಟುವಾಗಿದ್ದುವೆಂದರೆ, ರೋಮಿನಲ್ಲಿದ್ದ ಜೆರೋಮನ ಗೆಳೆಯರೇ ಅವುಗಳ ಪ್ರತಿಗಳನ್ನು ಹಿಂತೆಗೆದುಕೊಳ್ಳಲು ಯತ್ನಿಸಿದರು. ಆ ಬಳಿಕ 401ರ ಹೊತ್ತಿಗೆ ಆಗಸ್ಟೀನನು ವಿವಾಹದ ಒಳಿತನ್ನು ಎತ್ತಿಹಿಡಿದು, ಸಂತಾನ, ನಿಷ್ಠೆ, ಸಂಸ್ಕಾರ ಎಂಬ ಮೂರು ಹಿತಗಳನ್ನು ಹೇಳಿದನು. ಆದರೆ ಬ್ರಹ್ಮಚರ್ಯವೇ ದೊಡ್ಡದೆಂಬ ಶ್ರೇಣಿಯನ್ನು ಅವನೂ ಕದಲಿಸಲಿಲ್ಲ. ಟ್ರೆಂಟ್ ಮಹಾಸಭೆಯು 1563ರಲ್ಲಿ ಅದಕ್ಕೆ ಮುದ್ರೆಯೊತ್ತಿತು. ವಿವಾಹವನ್ನು ಸಂಸ್ಕಾರವೆಂದು ಕೈಮುಗಿದ ಸಭೆಯೇ ಅದನ್ನು ಎರಡನೆಯ ಮೆಟ್ಟಿಲಿನಲ್ಲಿ ನಿಲ್ಲಿಸಿತು.

ಕನ್ನಡನಾಡಿಗೆ ಬಂದಾಗ ಈ ಶ್ರೇಣಿಗೆ ಇನ್ನೊಂದು ಶ್ರೇಣಿ ಜೊತೆಗೂಡಿತು. ಕಾವಿಗೆ ತಲೆಬಾಗುವ ನಾಡು ನಮ್ಮದು. ಮಠದ ಸ್ವಾಮಿಗಳಿಗೆ ಸಲ್ಲುವ ಗೌರವವು ಅದೇ ರೂಪದಲ್ಲಿ ಇಗರ್ಜಿಯ ಸ್ವಾಮಿಗಳಿಗೂ ಸಂದಿತು. ಗೃಹಸ್ಥನು ಎರಡು ಪರಂಪರೆಗಳಲ್ಲಿಯೂ ಕೈಮುಗಿದು ನಿಂತವನಾದನು. ಆದರೆ ಇದೇ ನಾಡಿನಲ್ಲಿ ಬೇರೊಂದು ದಾರಿಯೂ ಇದ್ದಿತೆಂಬುದನ್ನು ಮೊದಲು ಕಂಡವರಲ್ಲಿ ಒಬ್ಬರು ಕ್ರೈಸ್ತ ಸಭಾಪಾಲಕರೇ ಎಂಬುದು ನನಗೆ ಸದಾ ಹೆಮ್ಮೆಯ ವಿಷಯ. ಸರ್ವಜ್ಞನ ವಚನಗಳನ್ನು ಸಂಗ್ರಹಿಸಿದ, 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ರೆವರೆಂಡ್ ಉತ್ತಂಗಿ ಚೆನ್ನಪ್ಪನವರು ಶರಣದಂಪತಿಗಳಾದ ಮೋಳಿಗೆಯ ಮಾರಯ್ಯ ಮತ್ತು ಮಹಾದೇವಿಯರ ವಚನಗಳನ್ನೂ ಸಂಪಾದಿಸಿದರು. ಬೆತ್ಲೆಹೇಮಿನ ವಿಶ್ವಾಸಿಯೊಬ್ಬರು ಕಲ್ಯಾಣದ ದಂಪತಿಗಳನ್ನು ಒಟ್ಟಿಗೆ ಓದಿದ ಆ ಓದಿನಿಂದ ನಮ್ಮ ಧರ್ಮಶಾಸ್ತ್ರ ಇನ್ನೂ ಪಾಠ ಕಲಿಯಬೇಕಾಗಿದೆ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ದೇವರು ಮನುಷ್ಯನಾದನೆಂಬುದು ಕ್ರೈಸ್ತ ವಿಶ್ವಾಸದ ಹೃದಯ. ಆತನು ಪೂರ್ಣವಾಗಿ ದೇವರು, ಪೂರ್ಣವಾಗಿ ಮನುಷ್ಯನೆಂದು 451ರ ಕಾಲ್ಸೆಡನ್ ಮಹಾಸಭೆ ನಿರ್ಣಯಿಸಿತು. ಪಾಪವೊಂದನ್ನುಳಿದು ಎಲ್ಲದರಲ್ಲಿಯೂ ಆತನು ನಮ್ಮಂತೆಯೇ ಆದನು. ವಿವಾಹವು ಪಾಪವಲ್ಲ, ಆದುದರಿಂದ ದೈವತ್ವಕ್ಕೆ ವಿವಾಹವು ಸ್ವಭಾವತಃ ವಿರುದ್ಧವಾಗಲಾರದು. ಯೇಸುಸ್ವಾಮಿ ವಿವಾಹವಾಗಲಿಲ್ಲವೆಂಬುದು ಆತನ ಕಾರ್ಯಕ್ಕೆ ಸಂಬಂಧಿಸಿದ ಮಾತು, ಆತನ ಸ್ವರೂಪಕ್ಕೆ ಸಂಬಂಧಿಸಿದುದಲ್ಲ. ಆತನು ವಿವಾಹಿತನಾಗಿದ್ದನೆಂದು ಕಲ್ಪಿಸುವ ಕಾದಂಬರಿಗಳು ಓದುಗರನ್ನು ಚಕಿತಗೊಳಿಸಿರಬಹುದು, ಆದರೆ ಸುವಾರ್ತೆಗಳಲ್ಲಿ ಅದಕ್ಕೆ ಆಧಾರವಿಲ್ಲ. ಅದರ ಚರ್ಚೆಗೆ ನಾನು ಸಮಯ ಕೊಡುವುದಿಲ್ಲ. ನನ್ನ ಗಮನವಿರುವುದು ಸುವಾರ್ತೆಗಳು ಹೇಳಿಯೂ ಹೇಳದೆ ಬಿಟ್ಟ ನಜರೇತಿನ ಮೂವತ್ತು ವರ್ಷಗಳ ಮೇಲೆ.

ಲೂಕನ ಸುವಾರ್ತೆಯ ಪ್ರಕಾರ ಸುಮಾರು ಮೂವತ್ತರ ವಯಸ್ಸಿನಲ್ಲಿ ಆತನು ಬೋಧನೆಯನ್ನು ಆರಂಭಿಸಿದನು. ಅಂದರೆ ಅವತಾರದ ಬಹುಪಾಲು ಕಾಲ ಒಂದು ಮನೆಯೊಳಗೆ ಕಳೆಯಿತು: ಬಡಗಿಯ ಕೆಲಸ, ತಾಯಿಯ ಒಲೆ, ನೆರೆಯವರ ಮದುವೆ ಮುಂಜಿಗಳು, ಸಬ್ಬತ್ತಿನ ಸಂಜೆಯ ದೀಪ. ಈ ಮೂವತ್ತು ವರ್ಷಗಳು ಏನಾಗಿದ್ದುವು? ಕಾಯುವಿಕೆಯೇ, ಅಥವಾ ರಕ್ಷಣೆಯ ಕಾರ್ಯವೇ? ಕಾಯುವಿಕೆಯೆಂದರೆ ದೇವರು ಮೂವತ್ತು ವರ್ಷ ಕುಟುಂಬದಲ್ಲಿ ತಂಗಿದ್ದು ಕೇವಲ ಪ್ರಾಯ ತುಂಬುವುದಕ್ಕಾಗಿ ಎಂದಂತಾಯಿತು. ರಕ್ಷಣೆಯ ಕಾರ್ಯವೇ ಎಂದರೆ ಶಿಲುಬೆಯ ಮೂರು ದಿನಗಳ ಮೇಲೆ ಕಟ್ಟಿದ ಶಾಸ್ತ್ರವು ಒಲೆಯ ಮುಂದಿನ ಮೂವತ್ತು ವರ್ಷಗಳನ್ನೂ ಒಳಗೊಳ್ಳುವಂತೆ ವಿಸ್ತರಿಸಬೇಕಾಗುತ್ತದೆ. ನಾವು ಈ ಎರಡನೆಯ ಕೆಲಸವನ್ನು ಮಾಡಿಲ್ಲ.

ಮಾಡದೆ ಹೋದುದಕ್ಕೆ ಕಾರಣವೂ ಇದೆ. ಪವಿತ್ರ ಕುಟುಂಬವೆಂದು ಕಥೋಲಿಕರು ಪೂಜಿಸುವ ಆ ಮನೆಯಲ್ಲಿ ಮರಿಯಮ್ಮನವರು ನಿತ್ಯಕನ್ನಿಕೆ, ಜೋಸೆಫರು ಪರಮಸಂಯಮಿ. ಪ್ರತಿಯೊಂದು ಕುಟುಂಬಕ್ಕೂ ಆದರ್ಶವಾಗಿ ಎತ್ತಿಹಿಡಿದ ಚಿತ್ರದಿಂದ ದಾಂಪತ್ಯದ ಒಂದು ಮುಖ್ಯಾಂಶವನ್ನು ತೆಗೆದಿಟ್ಟಂತಾಗಿದೆ. ಸುವಾರ್ತೆ ಹೆಸರಿಸುವ ಯೇಸುವಿನ ಸೋದರರು ಯಾರೆಂಬ ಪ್ರಶ್ನೆಯಲ್ಲಿ ಪ್ರೊಟೆಸ್ಟಂಟ್ ಬಂಧುಗಳು ಭಿನ್ನಾಭಿಪ್ರಾಯವುಳ್ಳವರು, ಆ ವಾದ ಈ ವೇದಿಕೆಯಲ್ಲಿ ನಾಳೆ ಬರಲಿದೆ. ನಾನು ಕಥೋಲಿಕ ವಿಶ್ವಾಸವನ್ನು ಭಕ್ತಿಯಿಂದ ಸ್ವೀಕರಿಸಿಯೇ ಕೇಳುತ್ತೇನೆ: ಆ ಮನೆಯ ಪಾವಿತ್ರ್ಯವು ಅದರಲ್ಲಿ ಇಲ್ಲದ್ದರಿಂದ ಬಂದುದೇ, ಇದ್ದುದರಿಂದ ಬಂದುದೇ? ಜೋಸೆಫರು ಹಸುಗೂಸನ್ನೂ ಬಾಣಂತಿಯನ್ನೂ ರಾತ್ರೋರಾತ್ರಿ ಐಗುಪ್ತಕ್ಕೆ ಕರೆದುಕೊಂಡು ಹೊರಟರಲ್ಲವೇ? ಅದು ಇಂದಿಗೂ ಯಾವ ತಂದೆಯೂ ಮಾಡಬಲ್ಲ, ಮಾಡಬೇಕಾದ ಕೆಲಸ.

ಇಲ್ಲಿ ಒಂದು ಪ್ರಸಂಗವನ್ನು ಹೇಳಲು ಅಧ್ಯಕ್ಷರು ಅನುಮತಿಸಬೇಕು. ನಾನು ತರುಣನಾಗಿದ್ದಾಗ ಮುದಗಲ್ಲಿನ ಸೀಮೆಯ ಒಂದು ಮನೆಗೆ ಗುರುಗಳೊಬ್ಬರ ಜೊತೆಯಲ್ಲಿ ಹೋಗಿದ್ದೆನು. ಯಜಮಾನರು ತೀರಿಕೊಂಡು ಕೆಲವು ದಿನಗಳಾಗಿದ್ದುವು. ಗೋಡೆಯಲ್ಲಿ ತಿರುಹೃದಯದ ಪಟ, ಅದರ ಕೆಳಗೆ ಎಣ್ಣೆಯ ದೀಪ, ಮೊಳೆಗೆ ತೂಗುಹಾಕಿದ ಜಪಸರ. ಪ್ರಾರ್ಥನೆ ಮುಗಿದ ಮೇಲೆ ಗುರುಗಳು ಪುನರುತ್ಥಾನವನ್ನು ಕುರಿತು ಸಮಾಧಾನದ ನಾಲ್ಕು ಮಾತು ಹೇಳಿದರು. ಆ ವೃದ್ಧೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, “ಅಲ್ರೀ ಸ್ವಾಮಿ, ಅಲ್ಲಿ ಹ್ವಾದ ಮ್ಯಾಲೆ ನಮ್ಮನಿಯವರು ನನಗ ಏನಾಗಬೇಕ್ರಿ?” ಎಂದು ಕೇಳಿದಳು. ಪುನರುತ್ಥಾನದಲ್ಲಿ ಮದುವೆಯಾಗುವುದೂ ಇಲ್ಲ, ಮಾಡಿಕೊಡುವುದೂ ಇಲ್ಲವೆಂಬ ಯೇಸುಸ್ವಾಮಿಯ ಮಾತನ್ನು ಗುರುಗಳು ಮೃದುವಾಗಿ ತಿಳಿಸಿದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಇಷ್ಟು ವರ್ಷ ಬಾಳೇವು ಮಾಡಿದ್ದು ಎಲ್ಲಿಗಿ ಹೋತ್ರಿ?” ಎಂದಳು. ಗುರುಗಳಲ್ಲಿ ಉತ್ತರವಿರಲಿಲ್ಲ. ನಾನು ಓದಿದ ಗ್ರಂಥಗಳಲ್ಲಿ ಯಾವುದೂ ಆಕೆಯ ಮುಂದೆ ಓದಿಹೇಳುವಂತಹದಾಗಿರಲಿಲ್ಲ.

ಅಂದಿನಿಂದ ನನ್ನನ್ನು ಬಿಡದ ಪ್ರಶ್ನೆ ಇದೇ. ಸದ್ದುಕಾಯರು ಯೇಸುಸ್ವಾಮಿಯನ್ನು ಕೇಳಿದುದನ್ನು ನೆನಪಿಸಿಕೊಳ್ಳಿ: ಏಳು ಮಂದಿ ಅಣ್ಣತಮ್ಮಂದಿರು, ಒಬ್ಬಳೇ ಹೆಂಡತಿ, ಸಂತಾನವಿಲ್ಲದೆ ಒಬ್ಬನಾದ ಮೇಲೆ ಒಬ್ಬನು ಸತ್ತರೆ ಪುನರುತ್ಥಾನದಲ್ಲಿ ಆಕೆ ಯಾರವಳು? ಅದು ವಂಶವನ್ನುಳಿಸುವ ಮೋಶೆಯ ವಿಧಿಯ ಪ್ರಶ್ನೆ. ಹೆಣ್ಣು ಯಾರ ಸೊತ್ತು ಎಂಬ ಪ್ರಶ್ನೆ. ಲೂಕನ ಪ್ರಕಾರ ಉತ್ತರದಲ್ಲಿ ಕಾರಣವೂ ಇದೆ: ಅಲ್ಲಿ ಅವರು ಇನ್ನು ಸಾಯಲಾರರು. ಸಾವಿಲ್ಲದ ಕಡೆ ವಾರಸುದಾರನ ಅವಶ್ಯಕತೆಯಿಲ್ಲ. ಆಗಸ್ಟೀನನ ಮೂರು ಹಿತಗಳಲ್ಲಿ ಮೊದಲನೆಯದಾದ ಸಂತಾನವು ಅಲ್ಲಿಗೆ ಕೊನೆಗೊಳ್ಳುತ್ತದೆ, ಒಪ್ಪಿದೆನು. ನಿಷ್ಠೆಯೂ ಕೊನೆಗೊಳ್ಳುವುದೇ? ಇದನ್ನು ಸದ್ದುಕಾಯರು ಕೇಳಲಿಲ್ಲ. ಕೇಳಿದವಳು ಮುದಗಲ್ಲಿನ ಸೀಮೆಯ ಅವ್ವ. ಎಫೆಸದವರಿಗೆ ಬರೆದ ಪತ್ರಿಕೆ ದಾಂಪತ್ಯವನ್ನು ಕ್ರಿಸ್ತನಿಗೂ ಸಭೆಗೂ ಇರುವ ಸಂಬಂಧದ ಮಹಾರಹಸ್ಯದೊಡನೆ ಜೋಡಿಸುತ್ತದೆ. ಪ್ರಕಟನೆಯ ಗ್ರಂಥವು ಲೋಕದ ಅಂತ್ಯವನ್ನು ಕುರಿಮರಿಯ ವಿವಾಹವಾಗಿ ಚಿತ್ರಿಸುತ್ತದೆ. ಕೊನೆಯ ಸತ್ಯವೇ ಮದುವೆಯಾಗಿರುವಾಗ ಮಣ್ಣಿನ ಮದುವೆಗಳು ಅದರಲ್ಲಿ ಕರಗಿ ಇಲ್ಲವಾಗುವುವೋ, ನೆರೆದು ಪೂರ್ಣವಾಗುವುವೋ? ಪುನರುತ್ಥಾನನಾದ ಕ್ರಿಸ್ತನು ತೋಮನಿಗೆ ತೋರಿಸಿದ ಕೈಗಳಲ್ಲಿ ಮೊಳೆಗಳ ಗಾಯ ಇದ್ದೇ ಇದ್ದಿತು. ಮಹಿಮೆಯ ಶರೀರವು ಗಾಯವನ್ನು ಅಳಿಸಲಿಲ್ಲ. ಮೂರು ಗಂಟೆಗಳ ನೋವಿನ ಗುರುತನ್ನು ಉಳಿಸಿಕೊಳ್ಳುವ ಶರೀರವು ಒಂದು ಜೀವಮಾನದ ಒಲುಮೆಯ ಗುರುತನ್ನು ಉಳಿಸಿಕೊಳ್ಳದೆ ಇರುವುದೇ? ಇದು ನನ್ನ ಊಹೆ, ವಿದ್ವಾಂಸರು ಪರೀಕ್ಷಿಸಲಿ.

ಇದು ಕಥೋಲಿಕರ ತೊಡಕು, ಸುಧಾರಣೆಯ ಸಭೆಗಳು ಇದನ್ನು ಬಿಡಿಸಿಕೊಂಡಿವೆಯೆಂದು ಕೆಲವರು ಭಾವಿಸುತ್ತಾರೆ. 1525ರಲ್ಲಿ ಲೂಥರನು ಕ್ಯಾಥರೀನಾಳನ್ನು ವರಿಸಿದಾಗಿನಿಂದ ಪಾದ್ರಿಯ ಮನೆಯೇ ಒಂದು ಸಾಕ್ಷಿಯಾಯಿತೆಂಬುದು ನಿಜ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನು ಆ ಮನೆಯನ್ನು ಇಲ್ಲಿಗೂ ತಂದಿತು. ಮದುವೆಗೆ ಮಾತ್ರ ಬಾಸೆಲಿನ ಸಮಿತಿಯ ಅನುಮತಿ ಬೇಕಾಗಿತ್ತು. ನಮ್ಮ ನಿಘಂಟುಕಾರ ಕಿಟ್ಟೆಲ್ಲರ ಮೊದಲ ಪತ್ನಿ ಪೌಲೀನರು ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು; ಆಕೆಯ ಸೋದರಿ ಜೂಲಿಯವರು ಬಳಿಕ ಅವರ ಮನೆಯನ್ನು ತುಂಬಿದರು. 1894ರ ನಿಘಂಟನ್ನು ತೆರೆಯುವಾಗ ಈ ಇಬ್ಬರನ್ನು ನೆನೆಯುವವರು ಎಷ್ಟು ಮಂದಿ? ಇನ್ನೂ ಕಠಿಣವಾದುದು ಮಕ್ಕಳ ವಿಷಯ. ಅದೇ ಮಿಶನ್ನಿನ ಹೆರ್ಮನ್ ಗುಂಡರ್ಟರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಮುಂದೆ ಕಾದಂಬರಿಕಾರ ಹೆರ್ಮನ್ ಹೆಸ್ಸೆಯ ತಾಯಿಯಾದವಳು ಇವಳೇ. ಇನ್ನೂ ಎಳೆಯ ಮಗುವಾಗಿದ್ದಾಗ ಅವಳನ್ನು ಯೂರೋಪಿನಲ್ಲಿ ಬಿಟ್ಟು ತಂದೆತಾಯಿಗಳು ಸೇವೆಗೆ ಮರಳಿದರು. ಹುಡುಗಿ ಮತ್ತೆ ಭಾರತಕ್ಕೆ ಬಂದದ್ದು 1857ರಲ್ಲಿ. ಹೀಗೆ ಕಳುಹಲ್ಪಟ್ಟ ಮಕ್ಕಳಿಗಾಗಿ ಬಾಸೆಲಿನಲ್ಲಿ ನಿಲಯವೇ ಇದ್ದಿತು. ಆ ತಂದೆತಾಯಿಗಳ ತ್ಯಾಗಕ್ಕೆ ನಾನು ತಲೆಬಾಗುತ್ತೇನೆ. ಆದರೂ ಕೇಳಲೇಬೇಕು: ವಿವಾಹವನ್ನು ಒಪ್ಪಿಕೊಂಡವರು ಕುಟುಂಬವನ್ನು ಒಪ್ಪಿಕೊಂಡರೇ? ತಾಯಿಯಿಂದ ಮಗುವನ್ನು ಬೇರ್ಪಡಿಸುವ ಸೇವೆಯು ದೇವರಿಗೆ ಹೆಚ್ಚು ಪ್ರಿಯವೆಂಬ ನಂಬಿಕೆಯಲ್ಲಿ ಹಳೆಯ ಶ್ರೇಣಿಯೇ ಅಡಗಿಲ್ಲವೇ?

ಇತ್ತೀಚಿನ ಕಾಲದಲ್ಲಿ ಬೆಳಕು ಮೂಡಿದೆಯೆಂಬುದನ್ನು ಸಂತೋಷದಿಂದ ಹೇಳುತ್ತೇನೆ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಗೃಹಸಭೆಯೆಂದು ಕರೆಯಿತು. 2015ರಲ್ಲಿ ಲೂಯಿ ಮತ್ತು ಝೆಲಿ ಮಾರ್ಟಿನ್ ದಂಪತಿಗಳು ಒಟ್ಟಿಗೆ ಸಂತಪದವಿಗೇರಿದರು. ಅವರ ಒಂಬತ್ತು ಮಕ್ಕಳಲ್ಲಿ ಬದುಕುಳಿದ ಐವರು ಹೆಣ್ಣುಮಕ್ಕಳೂ ಕನ್ಯಾಸ್ತ್ರೀಯರಾದರೆಂಬುದು ನನ್ನನ್ನು ಯೋಚನೆಗೆ ಹಚ್ಚುತ್ತದೆ. ಸೊಸೆ ಅಳಿಯಂದಿರನ್ನೂ ಮೊಮ್ಮಕ್ಕಳನ್ನೂ ಕಂಡ ದಂಪತಿಗಳು ಪೀಠದ ಮೇಲೆ ಬರುವ ದಿನವನ್ನು ನಾನು ಎದುರುನೋಡುತ್ತೇನೆ. 2022ರಲ್ಲಿ ಸಂತರೆಂದು ಸಾರಲ್ಪಟ್ಟ ದೇವಸಹಾಯಂ ಪಿಳ್ಳೆಯವರು ನಮ್ಮ ದೇಶದ ಗೃಹಸ್ಥರು; ಅವರ ಪತ್ನಿಯೂ ಜ್ಞಾನಸ್ನಾನ ಪಡೆದವರು, ಆದರೆ ಆ ತಾಯಿಯ ಕಥೆಯನ್ನು ನಾವಿನ್ನೂ ಬರೆದಿಲ್ಲ.

ನಮ್ಮ ನೆಲದಲ್ಲಿ ಹೆಂಡತಿಯ ಕಥೆಯನ್ನು ಮರೆಯದ ಪರಂಪರೆಯೊಂದುಂಟು. ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರಬೇಕೆಂದು ಹೇಳಿದವಳು ಲಕ್ಕಮ್ಮ. ಅವಳ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡನನ್ನು ತಿದ್ದಿದವಳು ಅವನ ಹೆಸರನ್ನೂ ದೇವರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಒಂದನ್ನು ಹೇಳುವುದಕ್ಕೆ ಇನ್ನೊಂದನ್ನು ಬಿಡಲಿಲ್ಲ. ಶರಣರ ಸಿದ್ಧಾಂತ ಬೇರೆ, ಕ್ರೈಸ್ತ ಸಿದ್ಧಾಂತ ಬೇರೆ. ಎರಡನ್ನೂ ಬೆರಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಮುದಗಲ್ಲಿನಲ್ಲಿ ಬಿಜಾಪುರ, ಮೊಗಲರು, ನಿಜಾಮರು ಬಂದುಹೋಗುತ್ತಿರಲು, ಗುರುಗಳು ಬದಲಾಗುತ್ತಿರಲು, ಶಿಲುಬೆಯ ಗುರುತನ್ನು ಮಗುವಿನ ಹಣೆಯ ಮೇಲೆ ಬರೆಯುತ್ತ ವಿಶ್ವಾಸವನ್ನು ಉಳಿಸಿದವರು ಆ ಅವ್ವನ ಮನೆಯಂತಹ ಮನೆಗಳ ತಾಯಿತಂದೆಗಳೇ. ಅವರ ಪ್ರಾರ್ಥನೆಗಳು, ಮದುವೆಯ ಹಾಡುಗಳು, ಕೊರಳ ತಾಳಿಯೊಡನೆ ಬಂದ ಶಿಲುಬೆಗಳು ನಮ್ಮ ಧರ್ಮಶಾಸ್ತ್ರದ ಆಕರಗಳಾಗಬೇಕು. ತರುಣ ಸಂಶೋಧಕರು ಪತ್ರಾಗಾರಗಳಿಗೆ ಹೋಗುವ ಮೊದಲು ಆ ಓಣಿಗಳಿಗೆ ಹೋಗಬೇಕೆಂದು ಬೇಡುತ್ತೇನೆ.

ಸಮಯ ಮೀರುತ್ತಿದೆಯೆಂದು ಅಧ್ಯಕ್ಷರು ಸೂಚಿಸುತ್ತಿದ್ದಾರೆ. ಮುಂದಿನ ಪ್ರಬಂಧವು 1599ರ ಉದಯಂಪೇರೂರು ಧರ್ಮಸಭೆಯನ್ನು ಕುರಿತದ್ದು. ಗೋವೆಯ ಆರ್ಚ್‌ಬಿಷಪ್ ಮೆನೆಜಿಸರು ಅಲ್ಲಿ ಕೇರಳದ ವಿವಾಹಿತ ಕತ್ತನಾರರನ್ನು, ಅಂದರೆ ಗುರುಗಳನ್ನು, ಅವರ ಪತ್ನಿಯರಿಂದ ಬೇರ್ಪಡಿಸಲು ವಿಧಿಸಿದರು. ಆ ವಿಧಿಯ ನ್ಯಾಯವನ್ನು ವಿದ್ವಾಂಸರು ಬಹುವಾಗಿ ಚರ್ಚಿಸಿದ್ದಾರೆ. ಪ್ರಬಂಧಕಾರರು ಅದರೊಡನೆ, ಮನೆಗಳಲ್ಲಿ ಉಳಿದ ಆ ಹೆಂಗಸರೂ ಮಕ್ಕಳೂ ಮರುದಿನದಿಂದ ಹೇಗೆ ಬಾಳಿದರು, ಭಾನುವಾರ ಅದೇ ಇಗರ್ಜಿಯಲ್ಲಿ ಪೂಜೆ ಮಾಡುತ್ತಿದ್ದ ಗುರುವಿಗೆ ಅವರು ಏನಾಗಿ ಉಳಿದರು ಎಂಬುದನ್ನೂ ದಾಖಲೆಗಳು ಹೇಳುವಷ್ಟು ಮಟ್ಟಿಗೆ ನಮಗೆ ತಿಳಿಸಬೇಕೆಂದು ಕೋರಿ, ಅವರಿಗೆ ಈ ಸ್ಥಾನವನ್ನು ಬಿಟ್ಟುಕೊಡುತ್ತೇನೆ.